ಮೆಟ್ಟಿಲಿಲ್ಲದ ನೀರು

ಇರುಳು ಕಂಡ ಬಾವಿಗೆ ಹಗಲು ಬಿದ್ದರು ಎಂಬ ಗಾದೆ ನಮ್ಮ ಕಡೆ ದಿನಕ್ಕೊಮ್ಮೆಯಾದರೂ ಯಾರ ಬಾಯಲ್ಲಾದರೂ ಬರುತ್ತದೆ. ಸಾಲದ ಮೇಲೆ ಸಾಲ ಮಾಡಿದವರಿಗೂ ಅದೇ ಮಾತು, ಗುಣ ಗೊತ್ತಿದ್ದೂ ಹೆಣ್ಣು ಕೊಟ್ಟವರಿಗೂ ಅದೇ ಮಾತು. ಆದರೆ ಈ ಗಾದೆ ಹುಟ್ಟಿದ್ದು ನಿಜವಾದ ಬಾವಿಯಿಂದ, ನಿಜವಾಗಿ ಬಿದ್ದವರಿಂದ ಎನ್ನುವುದನ್ನು ನಾವು ಮರೆತಿದ್ದೇವೆ. ಕಣ್ಣೆದುರಿಗೇ ಇರುವ ನೀರು, ಎಲ್ಲರಿಗೂ ಗೊತ್ತಿರುವ ನೀರು. ಅದರಲ್ಲೇ ಒಂದು ದಿನ ಮನೆಯ ಮಗು ಇಲ್ಲವಾಗುತ್ತದೆ.

ನಮ್ಮ ಮಾದಿಹಳ್ಳಿ ಬೇಲೂರು ತಾಲ್ಲೂಕಿನ ಒಂದು ಹೋಬಳಿ. ಇಲ್ಲಿಯ ಪ್ರೌಢಶಾಲೆಯ ಮಕ್ಕಳಿಗೆ ಇತಿಹಾಸ ಹೇಳಿಕೊಡುವ ನನಗೆ ಈಚೆಗೆ ಒಂದು ಸಂಗತಿ ವಿಚಿತ್ರವಾಗಿ ಕಾಣುತ್ತಿದೆ. ನಮ್ಮ ಜಿಲ್ಲೆಯಲ್ಲಿ, ಪಕ್ಕದ ಚಿಕ್ಕಮಗಳೂರಿನಲ್ಲಿ, ತೋಟದ ಮನೆಗಳೆಲ್ಲ ಹೋಂಸ್ಟೇಗಳಾಗಿ ಅಂಗಳದಲ್ಲೇ ಈಜುಕೊಳ ಬರುತ್ತಿದೆ. ಹೊಲಗಳಲ್ಲಿ ಕೃಷಿ ಹೊಂಡಗಳಾಗಿವೆ. ಪೇಟೆಯ ಮನೆಗಳಲ್ಲಂತೂ ಬಾಗಿಲ ಮುಂದೆಯೇ ನೆಲದಡಿ ಸಂಪು. ಅಂದರೆ ಒಂದು ಕಾಲಕ್ಕೆ ಅರಸರ ಅಂತಃಪುರದಲ್ಲಿ ಮಾತ್ರವಿದ್ದ ಮನೆಯೊಳಗಿನ ಕೊಳ ಈಗ ನಮ್ಮ ನಿಮ್ಮ ಮನೆಗೆ ಬಂದಿದೆ. ಕೊಳ ಬಂದಿತು, ಆದರೆ ಕೊಳದ ಜೊತೆಗೆ ಹಿಂದಿನವರು ಇಟ್ಟಿದ್ದ ಎರಡು ವಸ್ತುಗಳು ಬರಲಿಲ್ಲ. ಅವು ಯಾವುವು ಎಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹಳೇಬೀಡಿಗೆ ಬಂದವರು ಹೊಯ್ಸಳೇಶ್ವರನನ್ನು ನೋಡಿ, ಆನೆ ಕುದುರೆಗಳ ಸಾಲುಗಳನ್ನು ಎಣಿಸಿ, ಹಿಂದಿರುಗುತ್ತಾರೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಬರುವವರೂ ಹೆಚ್ಚಾಗಿದ್ದಾರೆ. ಆದರೆ ಆ ಊರಿನ ಹಳೆಯ ಹೆಸರು ಗುಡಿಯದಲ್ಲ, ನೀರಿನದು, ದೋರಸಮುದ್ರ. ನಮ್ಮ ಪಕ್ಕದ ತಾಲ್ಲೂಕಿನ ಹೆಸರೂ ಹಾಗೆಯೇ, ಅರಸಿಯ ಕೆರೆ ಅರಸೀಕೆರೆಯಾಯಿತು. ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ನಾನು ತಪ್ಪದೆ ಹತ್ತಿರದ ಹುಳಿಕೆರೆಗೂ ಹೋಗುತ್ತೇನೆ. ಅಲ್ಲಿ 12ನೆಯ ಶತಮಾನದ, ಹೊಯ್ಸಳರ ಕಾಲದ ಒಂದು ಕಲ್ಯಾಣಿಯಿದೆ. ಸುತ್ತಲೂ ಪುಟ್ಟ ಪುಟ್ಟ ಗುಡಿಗಳು, ನಡುವೆ ನೀರು, ನೀರಿನವರೆಗೂ ಇಳಿಯುವ ಕಲ್ಲಿನ ಮೆಟ್ಟಿಲುಗಳು.

ಆ ಮೆಟ್ಟಿಲುಗಳನ್ನು ಅಂದಕ್ಕೆ ಇಟ್ಟಿದ್ದಾರೆಂದು ಮಕ್ಕಳು ತಿಳಿಯುತ್ತಾರೆ. ಕುಳಿತು ಯೋಚಿಸಿದರೆ ಅದರ ಉಪಾಯ ಹೊಳೆಯುತ್ತದೆ. ಮಳೆಗಾಲದಲ್ಲಿ ನೀರು ಮೇಲಿನ ಮೆಟ್ಟಿಲಿಗೆ, ಬೇಸಿಗೆಯಲ್ಲಿ ಕೆಳಗಿನ ಮೆಟ್ಟಿಲಿಗೆ. ಎಲ್ಲಿದ್ದರೂ ಕೊಡ ತುಂಬುವ ಹೆಂಗಸಿಗೆ ಕಾಲೂರಲು ಒಂದು ಹಾಸುಗಲ್ಲು ಸಿಕ್ಕೇ ಸಿಗುತ್ತದೆ. ಜಾರಿದ ಮಗು ಒಮ್ಮೆಗೇ ಆಳಕ್ಕೆ ಹೋಗುವುದಿಲ್ಲ, ಮುಂದಿನ ಮೆಟ್ಟಿಲಿಗೆ ಹೋಗುತ್ತದೆ, ತಡವರಿಸಿ ಎದ್ದು ನಿಲ್ಲುತ್ತದೆ. ನೀರಿನ ಆಳವನ್ನು ಹೇಳುವ ಫಲಕ ಬೇಡ, ಇಳಿದವರ ಕಾಲೇ ಹೇಳುತ್ತದೆ. ಬೇಲೂರು ಗುಡಿಯ ಈಶಾನ್ಯದ ಪುಷ್ಕರಣಿಯಾಗಲಿ, ದೂರದ ಲಕ್ಕುಂಡಿಯ ಮುಸುಕಿನ ಬಾವಿಯಾಗಲಿ ಇದೇ ವಿವೇಕದಿಂದ ಕಟ್ಟಿದವು. ಕಾಪಾಡುವ ಉಪಾಯವನ್ನು ಹೊರಗಿನಿಂದ ತಂದು ಅಂಟಿಸಲಿಲ್ಲ, ನೀರಿನ ಆಕಾರದಲ್ಲೇ ಸೇರಿಸಿದರು.

ಇನ್ನು ನೀರಾಟಕ್ಕೆಂದೇ ಮಾಡಿದ ಕೊಳಗಳು. ಜಲಕ್ರೀಡೆಯ ವರ್ಣನೆಯಿಲ್ಲದ ಹಳೆಯ ಕಾವ್ಯ ಅಪರೂಪ; ಕಾವ್ಯಕ್ಕೆ ಬೇಕೆಂದ ಹದಿನೆಂಟು ವರ್ಣನೆಗಳಲ್ಲಿ ಅದೂ ಒಂದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1131ರ ಸುಮಾರಿಗೆ ಬರೆದ ಮಾನಸೋಲ್ಲಾಸದಲ್ಲಿ ಅರಸರ ಆಟಗಳ ನಡುವೆ ನೀರಾಟಕ್ಕೂ ಸ್ಥಾನವಿದೆ. ಅಂಥ ಕೊಳವನ್ನು ಕಣ್ಣಾರೆ ನೋಡಬೇಕೆಂದರೆ ಹಂಪೆಗೆ ಹೋಗಬೇಕು. ರಾಣಿಯ ಸ್ನಾನಗೃಹವೆಂದು ಕರೆಯುವ ಕಟ್ಟಡದ ನಡುವಿನ ಕೊಳ ಸುಮಾರು 15 ಮೀಟರ್ ಚೌಕ, ಆಳ ಸುಮಾರು 1.8 ಮೀಟರ್, ಅಂದರೆ ಒಂದಾಳುದ್ದ. ಕಟ್ಟಡದ ಸುತ್ತಲೂ ಕಂದಕ, ಒಳಗೆ ಹೋಗಲು ಕಂದಕದ ಮೇಲೊಂದು ಸೇತುವೆ. ಯಾರಾದರೂ ಆಡುತ್ತಾ ಓಡುತ್ತಾ ಬಂದು ನೀರಿಗೆ ಬೀಳುವ ಹಾಗೇ ಇಲ್ಲ. ಅಲ್ಲಿಂದ ಸ್ವಲ್ಪ ದೂರ, ಅರಮನೆಯ ಆವರಣದಲ್ಲಿ, 1980ರ ದಶಕದ ಉತ್ಖನನದಲ್ಲಿ ಸಿಕ್ಕಿದ ಮೆಟ್ಟಿಲು ಕೊಳವಂತೂ ನೋಡಿದಷ್ಟೂ ಸಾಲದು. ಸುಮಾರು 22 ಮೀಟರ್ ಚೌಕ, 7 ಮೀಟರ್ ಆಳ, ಐದು ಹಂತ. ಕಲ್ಲು ಕಲ್ಲಿನ ಮೇಲೂ ಅದು ಯಾವ ದಿಕ್ಕಿನದು, ಎಷ್ಟನೆಯ ಸಾಲಿನದು ಎಂದು ಗುರುತು ಕೆತ್ತಿದ್ದಾರೆ. ನಕ್ಷೆಯಿಲ್ಲದೆ ಒಂದು ಕಲ್ಲನ್ನೂ ಇಟ್ಟವರಲ್ಲ.

ಹಾಗಾದರೆ ಆಗ ಅಪ್ಪಣೆ, ಪರವಾನಗಿ ಎಂಬುದಿರಲಿಲ್ಲವೆ? ಇತ್ತು, ಅದಕ್ಕೆ ಶಾಸನವೆಂದು ಹೆಸರು. ಕೆರೆ ಯಾರದು, ಎಲ್ಲೆ ಯಾವುದು, ನೀರು ಯಾರ ಗದ್ದೆಗೆ ಎಂಬುದನ್ನೆಲ್ಲ ಕಲ್ಲಿನಲ್ಲಿ ಬರೆಸುತ್ತಿದ್ದರು. ಕೆರೆ ಕಟ್ಟಿದವನಿಗೆ ಕೊಡುವ ಭೂಮಿಗೆ ಕಟ್ಟುಗೊಡಗೆ, ಕೆರೆಯನ್ನು ನೋಡಿಕೊಳ್ಳುವುದಕ್ಕೆ ಬಿಡುವ ಭೂಮಿಗೆ ಬಿತ್ತುವಟ್ಟ. ಏರಿಯ ಮೇಲೆ ಓಡಾಡಿ ತೂಬು ನೋಡಿ ನೀರು ಬಿಡುವ ನೀರಗಂಟಿ ಬೇರೆ. ಅವನ ಹೊಟ್ಟೆಪಾಡಿಗೂ ಊರೇ ಹೊಣೆ. ಈಗ ಆಂಧ್ರದ ಕಡಪ ಜಿಲ್ಲೆಯಲ್ಲಿರುವ ಪೋರುಮಾಮಿಳ್ಳದಲ್ಲಿ ವಿಜಯನಗರದ ಬುಕ್ಕರಾಯನ ಮಗ ಭಾಸ್ಕರನು ಹಾಕಿಸಿದ 1369ರ ಶಾಸನವೊಂದಿದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ, ಕೆರೆಗೆ ಬರಬಾರದ ಆರು ದೋಷಗಳನ್ನೂ ಅದರಲ್ಲಿ ಹೇಳಿದ್ದಾರೆ. ಏರಿಯಲ್ಲಿ ನೀರು ಜಿನುಗುವುದು ಒಂದು ದೋಷ, ಸವುಳು ಮಣ್ಣು ಒಂದು ದೋಷ, ಎರಡು ರಾಜ್ಯಗಳ ಗಡಿಯಲ್ಲಿರುವುದೂ ಒಂದು ದೋಷ! ಇಂದಿನ ಎಂಜಿನಿಯರ ಸಹಿ ಹಾಕುವ ಮೊದಲು ಕೇಳುವ ಪ್ರಶ್ನೆಗಳನ್ನು ಅವರು ಆರೂವರೆ ಶತಮಾನದ ಹಿಂದೆಯೇ ಕಲ್ಲಿಗೆ ಹಾಕಿಸಿದ್ದರು.

ಹಾಗೆಂದು ಹಿಂದಿನದೆಲ್ಲ ಚಿನ್ನ ಎಂದು ನಾನು ಹೇಳಲಾರೆ. ಹೆಣ್ಣುಮಕ್ಕಳ ಪಾಲಿಗಂತೂ ಅಲ್ಲ. ಕೆರೆಯಲ್ಲಿ ನೀರು ನಿಲ್ಲಲಿಲ್ಲವೆಂದು ಕಿರಿಯ ಸೊಸೆಯನ್ನು ಬಲಿಕೊಟ್ಟ ಕಥೆಯನ್ನು ‘ಕೆರೆಗೆ ಹಾರ’ ಎಂಬ ಜನಪದ ಗೀತೆಯಲ್ಲಿ ನಾವೆಲ್ಲ ಕೇಳಿ ಕಣ್ಣೀರು ಹಾಕಿದ್ದೇವೆ. ಮನೆಯಲ್ಲಿ ಮಾತು ಮೀರಿದಾಗ ‘ಕೆರೆಯೋ ಬಾವಿಯೋ ನೋಡಿಕೊಳ್ಳುತ್ತೇನೆ’ ಎಂಬ ಮಾತು ಗಂಡಸರ ಬಾಯಲ್ಲಿ ಬಂದದ್ದಕ್ಕಿಂತ ಹೆಂಗಸರ ಬಾಯಲ್ಲಿ ಬಂದದ್ದೇ ಹೆಚ್ಚು. ಇನ್ನೂ ಒಂದು ಅನ್ಯಾಯ ನೋಡಿ. ಬಟ್ಟೆ ಒಗೆಯುವವಳು ಹೆಣ್ಣು, ಪಾತ್ರೆ ಬೆಳಗುವವಳು ಹೆಣ್ಣು, ಕೊಡ ಹೊತ್ತವಳು ಹೆಣ್ಣು. ದಿನಬೆಳಗಾದರೆ ನೀರಿನ ದಡದಲ್ಲಿ ನಿಂತವಳು ಅವಳೇ. ಆದರೆ ಸೋರೆಬುರುಡೆಯನ್ನೋ ಬಾಳೆದಿಂಡನ್ನೋ ಕಟ್ಟಿ ಬಾವಿಗಿಳಿಸಿ ಈಜು ಕಲಿಸಿದ್ದು ಗಂಡುಹುಡುಗರಿಗೆ ಮಾತ್ರ. ನಮ್ಮ ಓರಗೆಯ ಹೆಣ್ಣುಮಕ್ಕಳಲ್ಲಿ ಈಜು ಬಲ್ಲವರನ್ನು ಒಂದು ಕೈಬೆರಳಲ್ಲಿ ಎಣಿಸಬಹುದು. ನನಗೂ ಬಾರದು, ನನ್ನ ತಾಯಿಗೂ ಬರುತ್ತಿರಲಿಲ್ಲ.

ಮೆಟ್ಟಿಲಿಗೂ ಅದರದೇ ಕೇಡಿತ್ತು. ಮೆಟ್ಟಿಲು ಬಾವಿಗೆ ಜನ ಇಳಿದು ಕಾಲು ತೊಳೆದು, ಅದೇ ನೀರನ್ನು ಕುಡಿಯಲು ತರುತ್ತಿದ್ದರು. ನಾರುಹುಣ್ಣು ಎಂಬ ರೋಗ ಹಬ್ಬಿದ್ದು ಹೀಗೆ. ಹುಣ್ಣಿನ ಕಾಲು ನೀರಿಗೆ ತಗುಲಿದಾಗ ಹುಳು ಮರಿಗಳನ್ನು ಬಿಡುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣ ನೀರುಚಿಗಟ ಅವನ್ನು ನುಂಗುತ್ತದೆ, ಆ ನೀರನ್ನು ಕುಡಿದವರ ಮೈಯಲ್ಲಿ ಒಂದು ವರ್ಷದ ಮೇಲೆ ಮೊಳಗಟ್ಟಲೆ ಉದ್ದದ ಹುಳು ಹೊರಬರುತ್ತದೆ. ನಮ್ಮ ರಾಜ್ಯದ ಉತ್ತರದ ಜಿಲ್ಲೆಗಳಲ್ಲಿ ಈ ರೋಗ ಜನರನ್ನು ಬಹಳ ಕಾಡಿತು. 1983-84ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಮೆಟ್ಟಿಲು ಬಾವಿಗಳನ್ನು ಮುಚ್ಚಿ, ಕಟ್ಟೆ ಕಟ್ಟಿ, ಸೇದುವ ಬಾವಿಗಳನ್ನಾಗಿ ಮಾಡಿದರು. ಮನೆಯ ಹೆಂಗಸರು ನೀರನ್ನು ಬಟ್ಟೆಯಲ್ಲಿ ಸೋಸಿದರು. 1996ರ ಜುಲೈ ಆದಮೇಲೆ ದೇಶದಲ್ಲಿ ಒಂದೂ ಹೊಸ ಪ್ರಕರಣ ಕಾಣಲಿಲ್ಲ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ಈ ರೋಗದಿಂದ ಮುಕ್ತವೆಂದು ಸಾರಿತು. ಕುಡಿಯುವ ನೀರಿನಿಂದ ಮೆಟ್ಟಿಲು ಹೋದದ್ದು ಒಳ್ಳೆಯದೇ ಆಯಿತು. ಅದರ ಬದಲು ಎದೆಮಟ್ಟದ ಕಟ್ಟೆ ಬಂತು, ರಾಟೆ ಬಂತು. ಒಂದು ಕಾವಲು ತೆಗೆದಾಗ ಇನ್ನೊಂದು ಕಾವಲು ಇಡಬೇಕೆಂಬ ತಿಳಿವಳಿಕೆ ಅಲ್ಲಿತ್ತು.

ಆ ತಿಳಿವಳಿಕೆ ತಪ್ಪಿದ್ದು ಕೊಳವೆ ಬಾವಿಯ ಕಾಲದಲ್ಲಿ. ಅರ್ಧ ಅಡಿ ಅಗಲದ ತೂತು, ನೂರಾರು ಅಡಿ ಆಳ. ನೀರು ಬಾರದಿದ್ದರೆ ಪೈಪು ಕಿತ್ತುಕೊಂಡು, ಬಾಯಿ ತೆರೆದಂತೆಯೇ ಬಿಟ್ಟು ಹೋಗುವುದು. ಮಕ್ಕಳು ಬಿದ್ದು ಸತ್ತ ಸುದ್ದಿಗಳು ದೇಶದ ನಾನಾ ಕಡೆಗಳಿಂದ ಬಂದಮೇಲೆ ಸುಪ್ರೀಂ ಕೋರ್ಟ್ ತಾನಾಗಿಯೇ ವಿಷಯವನ್ನು ಕೈಗೆತ್ತಿಕೊಂಡು 2010ರಲ್ಲಿ ಕಟ್ಟಪ್ಪಣೆ ಮಾಡಿತು. ಕೊರೆಯುವ 15 ದಿನ ಮೊದಲು ಅಧಿಕಾರಿಗಳಿಗೆ ತಿಳಿಸಬೇಕು. ಕೆಲಸ ನಡೆಯುವಾಗ ಮುಳ್ಳುತಂತಿಯ ಬೇಲಿ ಇರಬೇಕು, ಮಾಲೀಕರ ವಿಳಾಸದ ಫಲಕ ಇರಬೇಕು. ಕೊಳವೆಯ ಸುತ್ತ ಸಿಮೆಂಟಿನ ಕಟ್ಟೆ, ಬಾಯಿಗೆ ಭದ್ರವಾದ ಮುಚ್ಚಳ. ಕೈಬಿಟ್ಟ ಬಾವಿಯನ್ನು ಮಣ್ಣು ಕಲ್ಲು ಹಾಕಿ ನೆಲದ ಮಟ್ಟಕ್ಕೆ ಮುಚ್ಚಬೇಕು. ನಮ್ಮ ರಾಜ್ಯದಲ್ಲೂ 2011ರ ಅಂತರ್ಜಲ ಕಾಯಿದೆ ಬಂದು, ಅಧಿಸೂಚಿತ ಪ್ರದೇಶಗಳಲ್ಲಿ ಬಾವಿ ತೋಡಲು ಅನುಮತಿ ಬೇಕಾಯಿತು. ಆಮೇಲೂ 2014ರಲ್ಲಿ ಬಾಗಲಕೋಟೆ ಜಿಲ್ಲೆಯಲ್ಲಿ, 2017ರಲ್ಲಿ ಬೆಳಗಾವಿ ಜಿಲ್ಲೆಯಲ್ಲಿ ಮಕ್ಕಳು ಕೊಳವೆ ಬಾವಿಗೆ ಬಲಿಯಾದರು. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯಲ್ಲಿ ಬಿದ್ದ ಎಳೆಯ ಮಗುವೊಂದು ಬದುಕಿ ಬಂದಾಗ ನಾಡಿನ ತಾಯಂದಿರೆಲ್ಲ ನಿಟ್ಟುಸಿರು ಬಿಟ್ಟರು.

ಈಗ ಕೃಷಿ ಹೊಂಡದ ಮಾತು. ಮಳೆಯನ್ನೇ ನಂಬಿದ ರೈತನಿಗೆ ಅದು ವರವೇ. ಅದರಲ್ಲಿ ಎರಡು ಮಾತಿಲ್ಲ. 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯ ಹೊಂಡಗಳು ಹತ್ತು ಮೀಟರಿನಿಂದ ಇಪ್ಪತ್ತೊಂದು ಮೀಟರ್ ಚೌಕದವರೆಗೆ, ಆಳ ಮೂರು ಮೀಟರ್. ನೀರು ಇಂಗದಿರಲೆಂದು ಹೊಂಡಕ್ಕೆ ಪಾಲಿಥೀನ್ ಹಾಳೆ ಹೊದಿಸುತ್ತಾರೆ. ಒಂದು ಮಳೆಗಾಲ ಕಳೆದರೆ ಆ ಹಾಳೆಗೆ ಪಾಚಿ ಕಟ್ಟುತ್ತದೆ. ಬಿದ್ದವರು ಈಜು ಬಲ್ಲವರಾದರೂ ಇಳಿಜಾರಿನಲ್ಲಿ ಕೈಗೆ ಹಿಡಿತವಿಲ್ಲ, ಕಾಲಿಗೆ ಊರಿಲ್ಲ. ಕಾಪಾಡಲು ಹಾರಿದವರಿಗೂ ಅದೇ ಗತಿ. ಹುಳಿಕೆರೆಯ ಕಲ್ಯಾಣಿಗೆ ಇದು ಸರಿಯಾಗಿ ತಿರುಗುಮುರುಗು. ಅಲ್ಲಿ ಹೆಜ್ಜೆಗೊಂದು ಮೆಟ್ಟಿಲು, ಇಲ್ಲಿ ಮೆಟ್ಟಿಲೇ ಇಲ್ಲದ ನೀರು. ಈಚೆಗೆ ಯೋಜನೆಯಲ್ಲೇ ಹೊಂಡದ ಸುತ್ತ ತಂತಿ ಬೇಲಿಗೂ ಸಹಾಯಧನ ಸೇರಿಸಿರುವುದು ಸಮಾಧಾನದ ಸಂಗತಿ. ಆದರೆ ಸ್ವಂತ ಖರ್ಚಿನಲ್ಲಿ ತೋಡಿದ, ಬೇಲಿಯಿಲ್ಲದ ಹೊಂಡಗಳು ಹೊಲದ ದಾರಿಗಳಲ್ಲಿ ಇನ್ನೂ ಬೇಕಾದಷ್ಟಿವೆ. ಅಂಥದೊಂದರಲ್ಲಿ ನನ್ನ ಎಂಟನೆಯ ತರಗತಿಯ ಹುಡುಗನೊಬ್ಬ ಹೋದ. ಕರು ಮೇಯಿಸಲು ಹೋಗಿದ್ದ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಕೆಂಪು ಗೆರೆ ಎಳೆಯಬೇಕಾಗಿ ಬಂದದ್ದು ಜೂನ್ ತಿಂಗಳ ಕೊನೆಯಲ್ಲಿ. ಆ ವರ್ಷವೆಲ್ಲ ಅವನ ಪಕ್ಕದ ಹುಡುಗ ಬೆಂಚಿನ ಅರ್ಧವನ್ನು ಖಾಲಿ ಬಿಟ್ಟೇ ಕೂತ; ನಾನೂ ಸರಿದು ಕೂರು ಎನ್ನಲಿಲ್ಲ.

ಇನ್ನು ಈಜುಕೊಳ. ಮನೆಯ ಅಂಗಳದಲ್ಲಿ ಕೊಳ ಕಟ್ಟುವವರು ಅದನ್ನೂ ನಕ್ಷೆಯಲ್ಲಿ ತೋರಿಸಿ, ಪಟ್ಟಣದಲ್ಲಿ ಪುರಸಭೆಯಿಂದ, ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿಯಿಂದ ಕಟ್ಟಡದ ಪರವಾನಗಿ ಪಡೆಯಬೇಕು. ಕೊಳದ ನೀರು ಎಷ್ಟು ಶುದ್ಧವಿರಬೇಕು, ಗೋಡೆ ಸೋರದಂತೆ ಹೇಗೆ ಕಟ್ಟಬೇಕು ಎಂಬುದಕ್ಕೆ ಭಾರತೀಯ ಮಾನಕ ಸಂಸ್ಥೆಯ ಮಾನಕಗಳಿವೆ. 2024ರ ಮಾರ್ಚ್‌ನಲ್ಲಿ ಬೆಂಗಳೂರಿಗೆ ನೀರಿನ ಬರ ಬಂದಾಗ ಅಲ್ಲಿಯ ಜಲಮಂಡಳಿ ಕುಡಿಯುವ ನೀರನ್ನು ಈಜುಕೊಳಕ್ಕೆ ಬಳಸಬಾರದೆಂದು ತಡೆದು, ಮೀರಿದವರಿಗೆ 5,000 ರೂಪಾಯಿ ದಂಡ ಗೊತ್ತುಮಾಡಿತು. ಇದೆಲ್ಲ ಸರಿ. ನೀರು ಎಲ್ಲಿಂದ ಬಂತು, ಗೋಡೆ ಗಟ್ಟಿಯೇ ಎಂದು ಕೇಳುವುದಾಯಿತು. ದಡದಲ್ಲಿ ಯಾರಿದ್ದಾರೆ ಎಂದು ಕೇಳುವವರಾರು?

ಅದೇ ವರ್ಷದ ನವೆಂಬರ್‌ನಲ್ಲಿ ಮಂಗಳೂರಿನ ಬಳಿ ಉಳ್ಳಾಲ ತಾಲ್ಲೂಕಿನ ಕಡಲತೀರದ ರೆಸಾರ್ಟೊಂದರ ಈಜುಕೊಳದಲ್ಲಿ ಮೈಸೂರಿನಿಂದ ಹೋಗಿದ್ದ ಮೂವರು ತರುಣಿಯರು ಮುಳುಗಿ ಸತ್ತರು. ಒಬ್ಬಳನ್ನು ಉಳಿಸಲು ಇನ್ನೊಬ್ಬಳು, ಅವಳನ್ನು ಉಳಿಸಲು ಮತ್ತೊಬ್ಬಳು. ಮೂವರಿಗೂ ಈಜು ಬರುತ್ತಿರಲಿಲ್ಲ. ಆಳವನ್ನು ತಿಳಿಸುವ ಫಲಕವಿರಲಿಲ್ಲ, ಕಾಯುವ ಜನರಿರಲಿಲ್ಲ ಎಂಬುದು ಆಮೇಲೆ ಹೊರಬಿತ್ತು. ಪರವಾನಗಿಯನ್ನು ಅಮಾನತು ಮಾಡಿ ಬೀಗ ಹಾಕಿದರು. ಅಂದರೆ ಪರವಾನಗಿ ಇತ್ತು, ಇಲ್ಲದಿದ್ದದ್ದು ಮನುಷ್ಯರು. ನೀರಗಂಟಿಯಿಲ್ಲದ ಕೆರೆಗೆ ನಮ್ಮ ಹಿಂದಿನವರು ಶಾಸನ ಹಾಕಿಸುತ್ತಿರಲಿಲ್ಲ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಆಸ್ಟ್ರೇಲಿಯಾದ ಸಿಡ್ನಿಯಲ್ಲಿದ್ದಾಳೆ. ಕೊಳವಿರುವ ಮನೆಯನ್ನು ಬಾಡಿಗೆಗೆ ಹಿಡಿದಾಗ ಅಲ್ಲಿಯ ಕಟ್ಟುನಿಟ್ಟನ್ನು ಫೋನಿನಲ್ಲಿ ಹೇಳಿ ನಗಿಸಿದಳು. ಆ ರಾಜ್ಯದಲ್ಲಿ 1992ರಿಂದ ಈಜುಕೊಳಕ್ಕೇ ಒಂದು ಕಾಯಿದೆಯಿದೆ. ಕೊಳದ ಸುತ್ತ 1.2 ಮೀಟರಿಗೆ ಕಡಿಮೆಯಿಲ್ಲದ ಬೇಲಿ, ತಾನಾಗಿಯೇ ಮುಚ್ಚಿ ಚಿಲಕ ಬೀಳುವ ಗೇಟು, ಅದೂ ಹೊರಕ್ಕೆ ಮಾತ್ರ ತೆರೆಯುವಂಥದು. ಮುಳುಗಿದವರಿಗೆ ಉಸಿರು ಕೊಡುವ ಕ್ರಮವನ್ನು ಬರೆದ ಫಲಕವನ್ನು ಕೊಳದ ಬಳಿ ತೂಗುಹಾಕಬೇಕು. ಫ್ರಾನ್ಸಿನಲ್ಲಿ 2003ರ ಕಾನೂನಿನಂತೆ ಖಾಸಗಿ ಕೊಳಕ್ಕೆ ಬೇಲಿ, ಎಚ್ಚರಿಕೆಯ ಗಂಟೆ, ಹೊದಿಕೆ, ಮಾಡು ಇವುಗಳಲ್ಲಿ ಒಂದಾದರೂ ಇರಬೇಕು. ‘ಮೇಡಂ, ಗೇಟಿನ ಪಕ್ಕ ಕುರ್ಚಿ ಇಟ್ಟರೂ ತಪ್ಪಂತೆ, ಮಗು ಹತ್ತೀತು ಅಂತ’ ಎಂದಳು. ನನಗೆ ನಗು ಬರಲಿಲ್ಲ. ಕುರ್ಚಿಯವರೆಗೂ ಯೋಚನೆ ಮಾಡಿದವರು ಯಾರೋ ಮಗುವನ್ನು ಕಳೆದುಕೊಂಡವರೇ ಇರಬೇಕು ಎನಿಸಿತು.

ಶ್ರೀಮಂತ ದೇಶಗಳ ಮಾತು ನಮಗೇಕೆ ಎನ್ನುವವರಿಗೆ ಬಾಂಗ್ಲಾದೇಶದ ಒಂದು ಸಂಗತಿ ಹೇಳಬೇಕು. ಅಲ್ಲಿಯ ಹಳ್ಳಿಗಳಲ್ಲಿ ಮನೆಗೊಂದು ಕೊಳ. ಪುಟ್ಟ ಮಕ್ಕಳು ಹೆಚ್ಚಾಗಿ ಮುಳುಗುವುದು ಬೆಳಗಿನ ಹೊತ್ತು, ತಾಯಿ ಅಡುಗೆ ನೀರು ಎಂದು ದುಡಿಯುವ ಗಳಿಗೆಯಲ್ಲಿ ಎಂದು ಅಲ್ಲಿಯವರು ಗಮನಿಸಿದರು. ಊರೂರಿನಲ್ಲಿ ಒಬ್ಬ ಹೆಂಗಸಿನ ಮನೆಯಲ್ಲೇ ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದರವರೆಗೆ ಮಕ್ಕಳನ್ನು ಕೂಡಿಸಿಕೊಂಡು ನೋಡಿಕೊಳ್ಳುವ ಏರ್ಪಾಡು ಮಾಡಿದರು. ಅದಕ್ಕೆ ಇಟ್ಟ ಹೆಸರು ‘ಆಂಚಲ್’, ಅಂದರೆ ಸೀರೆಯ ಸೆರಗು. ಆ ಮಕ್ಕಳಲ್ಲಿ ಮುಳುಗುವುದು ಬಹುಮಟ್ಟಿಗೆ ನಿಂತಿತು. ತಾಯಿಯನ್ನು ಬೈದು ಕೂರದೆ, ಅವಳ ಕೈ ಬಿಡುವಿಲ್ಲದ ಹೊತ್ತಿಗೆ ಇನ್ನೊಬ್ಬಳ ಸೆರಗನ್ನು ಒದಗಿಸಿದ ಈ ಬುದ್ಧಿ ನಮಗೂ ಬೇಕು. ನಮ್ಮ ಅಂಗನವಾಡಿಗಳು ಮಾಡುವ ಉಪಕಾರದಲ್ಲಿ ಇದೂ ಒಂದೆಂದು ನಾವು ಲೆಕ್ಕಕ್ಕೇ ಹಿಡಿದಿಲ್ಲ.

2021ರಲ್ಲಿ ವಿಶ್ವಸಂಸ್ಥೆ ಜುಲೈ 25ನ್ನು ಮುಳುಗುಸಾವು ತಡೆಯುವ ದಿನವೆಂದು ಗೊತ್ತುಮಾಡಿತು. ಆ ಒಂದೇ ವರ್ಷ ಪ್ರಪಂಚದಲ್ಲಿ ಸುಮಾರು ಮೂರು ಲಕ್ಷ ಜನ ಮುಳುಗಿ ಸತ್ತರೆಂದೂ, ಅವರಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಐದು ವರ್ಷದೊಳಗಿನ ಮಕ್ಕಳೆಂದೂ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ನಮ್ಮ ದೇಶದ ಲೆಕ್ಕವೇ ವರ್ಷಕ್ಕೆ ಮೂವತ್ತು ಸಾವಿರ ದಾಟುತ್ತದೆ. ನಾವು ಆ ದಿನ ಶಾಲೆಯಲ್ಲಿ ಭಾಷಣ ಮಾಡುವುದಿಲ್ಲ. ಮುಳುಗುತ್ತಿರುವವರನ್ನು ಕಂಡರೆ ನೀರಿಗೆ ಹಾರಬೇಡಿ, ಕೂಗಿ ಜನ ಕರೆಯಿರಿ, ಹಗ್ಗ, ಗಳು, ಸೀರೆ, ಖಾಲಿ ಕ್ಯಾನು ಯಾವುದು ಸಿಕ್ಕಿದರೂ ಎಸೆಯಿರಿ ಎಂದು ಮೈದಾನದಲ್ಲಿ ಮಾಡಿ ತೋರಿಸುತ್ತೇವೆ. ಎರಡು ಸೀರೆ ಗಂಟು ಹಾಕಿದರೆ ಮೂವತ್ತು ಅಡಿಗೂ ಮಿಕ್ಕ ಹಗ್ಗವಾಗುತ್ತದೆ ಎಂದಾಗ ಹುಡುಗಿಯರ ಕಣ್ಣು ಅರಳುತ್ತದೆ.

ಪೇಟೆಯ ಸೋದರಿಯರು ಇದೆಲ್ಲ ಹೊಲ, ತೋಟದವರ ಮಾತೆಂದುಕೊಳ್ಳಬಾರದು. ನಿಮ್ಮ ಬಾಗಿಲ ಮುಂದಿನ ಸಂಪೂ ಮೆಟ್ಟಿಲಿಲ್ಲದ ನೀರೇ. ನೀರು ಬಿಡುವ ದಿನ ಮುಚ್ಚಳ ತೆಗೆದಿಟ್ಟು, ಒಲೆಯ ಮೇಲೆ ಹಾಲು ಉಕ್ಕಿತೆಂದು ಒಳಗೆ ಓಡುವುದು ನಮಗೆಲ್ಲ ಗೊತ್ತಿದ್ದದ್ದೇ. ಮುಚ್ಚಳಕ್ಕೆ ಬೀಗ ಇರಲಿ, ತೆಗೆದವರೇ ಮುಚ್ಚುವವರೆಗೂ ಅಲ್ಲಿ ನಿಂತಿರಲಿ. ಸಂಪು ತೊಳೆಯಲು ಒಬ್ಬರನ್ನೇ ಒಳಗೆ ಇಳಿಸಬೇಡಿ. ಮುಚ್ಚಿಟ್ಟ ಗಾಳಿಯೂ ಪ್ರಾಣ ತೆಗೆಯುತ್ತದೆ. ತೆವಳುವ ಮಗುವಿಗೆ ಬಚ್ಚಲ ಬಕೆಟ್ಟಿನ ಗೇಣುದ್ದದ ನೀರೂ ಸಾಕು, ಅದನ್ನೂ ಬರಿದು ಮಾಡಿಡಿ. ಹೋಂಸ್ಟೇಗೆ ಹೋದಾಗ ಊಟಕ್ಕೆ ಏನಿದೆ ಎಂದು ಕೇಳುವ ಮೊದಲು ಕೊಳದ ಆಳವೆಷ್ಟು, ಕಾಯುವವರಾರು ಎಂದು ಕೇಳಿ. ಕೇಳಿದರೆ ಮರ್ಯಾದೆಗೇನೂ ಕಮ್ಮಿಯಿಲ್ಲ.

ಎಲ್ಲಕ್ಕಿಂತ ಮುಖ್ಯ, ಹೆಣ್ಣುಮಕ್ಕಳಿಗೆ ಈಜು ಕಲಿಸುವುದು. ಬೆಂಗಳೂರಿನ ನಿಶಾ ಮಿಲೆಟ್ ಐದು ವರ್ಷದ ಮಗುವಾಗಿದ್ದಾಗ ಮುಳುಗುವುದರಲ್ಲಿದ್ದಳು. ಇನ್ನು ನೀರಿನ ಹತ್ತಿರ ಸುಳಿಯಬೇಡ ಎಂದು ತಂದೆ ಹೇಳಲಿಲ್ಲ. ಭಯ ಹೋಗಲೆಂದು ಈಜು ಕಲಿಸಿದರು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಭಾರತದ ಪರವಾಗಿ ಈಜಿದವಳು ಅದೇ ಮಗು. 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋದ ಧಿನಿಧಿ ದೇಸಿಂಗು ಕೂಡ ಬೆಂಗಳೂರಿನ ಹುಡುಗಿ, ಆಗ ವಯಸ್ಸು ಹದಿನಾಲ್ಕು. ನನ್ನ ಒಂಬತ್ತನೆಯ ತರಗತಿಯ ಹುಡುಗಿಯರ ವಯಸ್ಸು. ನಮ್ಮ ಮಕ್ಕಳು ಒಲಿಂಪಿಕ್ಸ್‌ಗೆ ಹೋಗದಿದ್ದರೂ ಚಿಂತೆಯಿಲ್ಲ, ಹೊಂಡದಿಂದ ದಡಕ್ಕೆ ಬಂದರೆ ಸಾಕು.

ನಮ್ಮೂರಿನ ಸ್ತ್ರೀಶಕ್ತಿ ಸಂಘದಲ್ಲಿ ಈಗ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಸದಸ್ಯರ ಹೊಲದಲ್ಲಿ ಹೊಂಡ ತೋಡುತ್ತಾರೆಂದರೆ ಗುದ್ದಲಿ ಪೂಜೆಗೆ ನಾವೂ ಹೋಗುತ್ತೇವೆ, ಅರಿಸಿನ ಕುಂಕುಮ ತೆಗೆದುಕೊಂಡು ನಾಲ್ಕು ಪ್ರಶ್ನೆ ಕೇಳಿ ಬರುತ್ತೇವೆ. ಬೇಲಿ ಎಂದು ಹಾಕುತ್ತೀರಿ? ಒಂದು ಮೂಲೆಯಲ್ಲಾದರೂ ಮೆಟ್ಟಿಲು ಉಂಟೆ? ನಾಲ್ಕೂ ಕಡೆ ಗಂಟು ಹಾಕಿದ ಹಗ್ಗ, ಗಾಳಿ ತುಂಬಿದ ಟ್ಯೂಬು ಇಡುತ್ತೀರಾ? ನೀವಿಲ್ಲದ ಹೊತ್ತು ನೋಡುವವರು ಯಾರು? ಇದಕ್ಕೆ ಮೊಹರಿಲ್ಲ, ಶುಲ್ಕವಿಲ್ಲ. ಕಳೆದ ಬೇಸಿಗೆಯಲ್ಲಿ ಒಬ್ಬರು ಬೇಲಿಗೆ ದುಡ್ಡಿಲ್ಲವೆಂದರು. ಸಂಘದಿಂದ ಸಾಲ ಕೊಟ್ಟೆವು. ಮಳೆ ಬರುವುದರೊಳಗೆ ಬೇಲಿ ಆಯಿತು.